ಅತ್ತೆ-ಮಾವ ಬೆಂಗಳೂರಿಗೆ ಬರ್ತಿದ್ದಾರೆ, ಊಟಕ್ಕೆ ಎಲ್ಲಿಗೆ ಕರ್ಕೊಂಡು ಹೋಗಲಿ?

ಪ್ರಶ್ನೆ: ನಾನು ಬೆಂಗಳೂರಿಗೆ ಬಂದು ಆರು ವರ್ಷ ಆಯ್ತು. ಮನೆ ವೈಟ್‌ಫೀಲ್ಡ್‌ನಲ್ಲಿ. ಮದುವೆಯಾದ ಮೇಲೆ ಮೊದಲ ಸಲ ಅತ್ತೆ-ಮಾವ ಬರ್ತಿದ್ದಾರೆ, ಜೊತೆಗೆ ಭಾಮೈದ. ಹಾವೇರಿ ಜಿಲ್ಲೆಯವರು. ಶುಕ್ರವಾರ ಬೆಳಿಗ್ಗೆ ಬಂದು ಭಾನುವಾರ ರಾತ್ರಿ ಯಶವಂತಪುರದಲ್ಲಿ ರೈಲು ಹತ್ತುತ್ತಾರೆ. ಅತ್ತೆ-ಮಾವ ಸಸ್ಯಾಹಾರಿಗಳು, ಭಾಮೈದ ಎಲ್ಲ ತಿನ್ನುತ್ತಾನೆ. ಮಾವನಿಗೆ ಮಂಡಿನೋವು, ಜಾಸ್ತಿ ಹೊತ್ತು ನಿಲ್ಲೋಕೆ ಆಗಲ್ಲ. ಅವರಿಗೆ ನೆನಪಲ್ಲಿ ಉಳಿಯುವಂಥ ಊಟ ಮಾಡಿಸಬೇಕು ಅಂತ ಆಸೆ. ನನಗೆ ಗೊತ್ತಿರೋದು ಆಫೀಸ್ ಹತ್ತಿರದ ಮಾಲ್‌ಗಳು ಮತ್ತು ಮೊಬೈಲಲ್ಲಿ ಆರ್ಡರ್ ಮಾಡೋ ಹೋಟೆಲುಗಳು ಮಾತ್ರ. ದಾರಿ ತೋರಿಸಿ.

ಉತ್ತರ: ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಹೋಟೆಲ್ ಲೈನಲ್ಲೇ ಇದ್ದೀನಿ. ಮೊದಲು ಗಲ್ಲಾದಲ್ಲಿ ಕೂತೆ, ಆಮೇಲೆ ಅಡುಗೆಮನೆ ನೋಡಿಕೊಂಡೆ. ಈ ಪ್ರಶ್ನೆ ನನಗೆ ವಾರಕ್ಕೊಂದು ಸಲವಾದರೂ ಬರುತ್ತೆ. ಎಲ್ಲರಿಗೂ ಒಂದೇ ಮಾತು ಹೇಳ್ತೀನಿ. ನಿಮ್ಮ ಮಾವ ಊರಿಗೆ ವಾಪಸ್ ಹೋಗಿ, ಸಂಜೆ ಕಟ್ಟೆ ಮೇಲೆ ಕೂತಾಗ ಈ ಹೋಟೆಲ್ ಬಗ್ಗೆ ನಾಲ್ಕು ಜನಕ್ಕೆ ಏನು ಹೇಳ್ತಾರೆ? ಅದನ್ನು ಯೋಚಿಸಿ ಜಾಗ ಆರಿಸಿ. ‘ಚಲೋ ಇತ್ತು’ ಅಂತ ಮಾತ್ರ ಹೇಳೋಕೆ ಆಗೋ ಜಾಗ ಆದ್ರೆ ಬೇಡ. ರುಚಿ ಎರಡು ದಿನಕ್ಕೆ ಮರೆತುಹೋಗುತ್ತೆ. ಅಲ್ಲಿ ಕಂಡಿದ್ದು, ಅಲ್ಲಿ ಆಗಿದ್ದು ಉಳಿಯುತ್ತೆ.

ಇದು ನನಗೆ ಗೊತ್ತಾಗಿದ್ದು ನಮ್ಮ ದೊಡ್ಡಪ್ಪನಿಂದ. ಅವರು ತೀರ್ಥಹಳ್ಳಿ ಕಡೆಯವರು, ದೊಡ್ಡಮ್ಮನ ಜೊತೆ ಬಂದಿದ್ರು. ಚೆನ್ನಾಗಿ ನೋಡ್ಕೋಬೇಕು ಅಂತ ಒಂದು ದೊಡ್ಡ ಕಟ್ಟಡದ ಮೇಲಿನ ಮಹಡಿಯ ಹೋಟೆಲ್‌ಗೆ ಕರ್ಕೊಂಡು ಹೋದೆ. ಹೆಸರು ಬೇಡ. ಮೆನು ಓದೋಕೂ ಬೆಳಕು ಸಾಲದು. ಹಾಡಿನ ಸದ್ದಿಗೆ ದೊಡ್ಡಪ್ಪನಿಗೆ ನಮ್ಮ ಮಾತೇ ಕೇಳಿಸ್ತಿರಲಿಲ್ಲ. ದೊಡ್ಡಮ್ಮ ತಟ್ಟೆಯಲ್ಲಿ ಚೀಸನ್ನು ಪಕ್ಕಕ್ಕೆ ಸರಿಸ್ತಾ ಕೂತಿದ್ರು. ಮನೆಗೆ ಬಂದು ರಾತ್ರಿ ಹತ್ತೂವರೆಗೆ ಮೊಸರನ್ನ ಕಲಸಿಕೊಂಡು ತಿಂದ್ರು. ಮಾರನೇ ದಿನ ಬೆಳಿಗ್ಗೆ ವಾಕಿಂಗ್ ಮುಗಿಸಿ ಬರ್ತಾ, ಸುಮ್ನೆ ಒಂದು ದರ್ಶಿನಿಗೆ ಹೋದ್ವಿ. ನಾನು ಟೋಕನ್ ತಗೊಂಡು ಬರೋ ಅಷ್ಟರಲ್ಲಿ ದೊಡ್ಡಪ್ಪ ನಿಂತ್ಕೊಳ್ಳೋ ಟೇಬಲ್ ಹತ್ತಿರ ಇಬ್ಬರು ಹಿರಿಯರ ಜೊತೆ ಮಾತಿಗೆ ಬಿದ್ದಿದ್ರು. ಒಬ್ಬರು ರಿಟೈರ್ಡ್ ಮೇಷ್ಟ್ರು. ಅವರೇ ಇವರಿಗೆ ತಮ್ಮ ಕಾಫಿಯನ್ನು ಬೈಟು ಮಾಡಿ ಕೊಟ್ರು. ‘ಗುರುತು ಪರಿಚಯ ಇಲ್ಲದವರು ಒಂದು ಕಾಫಿ ಎರಡು ಮಾಡಿ ಕುಡಿಸಿದ್ರು ಕಣೋ’ ಅಂತ ದೊಡ್ಡಪ್ಪ ಸಾಯೋತನಕ ಹೇಳ್ತಿದ್ರು. ಮೇಲಿನ ಮಹಡಿಯ ಹೋಟೆಲ್ ಹೆಸರು ಅವರ ಬಾಯಲ್ಲಿ ಒಂದು ಸಲಾನೂ ಬರಲಿಲ್ಲ.

ಈಗ ನಿಮ್ಮ ವಿಷಯ. ಮೊದಲು ಬೇಡದ್ದನ್ನು ತೆಗೆದುಬಿಡೋಣ. ಜೋಳದ ರೊಟ್ಟಿ ಖಾನಾವಳಿ ಬೇಡ. ಅವರಿಗೆ ಇಷ್ಟ ಆಗುತ್ತೆ ಅಂತ ಎಲ್ಲ ಅಳಿಯಂದಿರೂ ಅಲ್ಲಿಗೇ ಕರ್ಕೊಂಡು ಹೋಗ್ತಾರೆ. ಆದರೆ ನಿಮ್ಮ ಅತ್ತೆ ದಿನಾ ಬಡಿಯೋ ರೊಟ್ಟಿಗೆ ಇಲ್ಲಿಯ ರೊಟ್ಟಿ ಎಲ್ಲಿ ಸಮ ಆಗುತ್ತೆ ಹೇಳಿ. ಆ ಖಾನಾವಳಿಗಳು ಇರೋದು ಊರು ಬಿಟ್ಟು ಬಂದ ನಿಮ್ಮಂಥವರಿಗೆ. ಗಿರ್ಮಿಟ್, ಮಿರ್ಚಿನೂ ಹಾಗೇ. ಮೆನುವಿನಲ್ಲಿ ನೂರೈವತ್ತು ಐಟಂ ಇರೋ ಕಡೆಗೂ ಹೋಗಬೇಡಿ. ಅಲ್ಲಿ ಸಿಗೋ ಪನೀರ್ ಬಟರ್ ಮಸಾಲ ಹಾವೇರಿಯಲ್ಲೂ ಸಿಗುತ್ತೆ, ಹುಬ್ಬಳ್ಳಿಯಲ್ಲೂ ಸಿಗುತ್ತೆ. ಎರಡು ಮೂರು ತಿಂಡಿಯನ್ನೇ ಐವತ್ತು ಅರವತ್ತು ವರ್ಷದಿಂದ ಮಾಡ್ಕೊಂಡು ಬಂದಿರೋ ಜಾಗ ಹುಡುಕಿ. ಬೆಂಗಳೂರಿನಲ್ಲಿ ಅಂಥವು ಇನ್ನೂ ಇವೆ, ಅದು ನಮ್ಮ ಪುಣ್ಯ.

ಇನ್ನೊಂದು, ದಿನಕ್ಕೆ ಒಂದು ಹೋಟೆಲ್ ಸಾಕು. ಮೂರು ಹೊತ್ತೂ ಹೊರಗೆ ತಿನ್ನಿಸಿದ್ರೆ ಎರಡನೇ ದಿನಕ್ಕೆ ಹೊಟ್ಟೆ ಕೆಡುತ್ತೆ. ಮಿಕ್ಕಿದ ಹೊತ್ತು ಮನೇಲಿ ಅನ್ನ-ಸಾರು ಇರಲಿ.

ಶುಕ್ರವಾರ ಮಧ್ಯಾಹ್ನ ಲಾಲ್‌ಬಾಗ್ ರಸ್ತೆಯ ಎಂಟಿಆರ್, ಅಂದ್ರೆ ಮಾವಳ್ಳಿ ಟಿಫಿನ್ ರೂಮ್ಸ್. ಶನಿವಾರ, ಭಾನುವಾರ ಅಲ್ಲಿ ಊಟಕ್ಕೆ ಕಾಯೋದು ಮಾವನ ಮಂಡಿಗೆ ಆಗೋ ಮಾತಲ್ಲ. ಸೋಮವಾರ ರಜೆ. ಹಾಗಾಗಿ ನಿಮಗೆ ಶುಕ್ರವಾರವೇ ಸರಿ. ರಾತ್ರಿ ರೈಲಲ್ಲಿ ಬಂದಿರ್ತಾರೆ, ಸ್ನಾನ ಮಾಡಿ ಒಂದು ನಿದ್ದೆ ಮಾಡಲಿ, ತಿಂಡಿ ಕಡಿಮೆ ಕೊಡಿ. ಹನ್ನೊಂದಕ್ಕೆ ಮೆಟ್ರೋ ಹತ್ತಿ. ವೈಟ್‌ಫೀಲ್ಡ್‌ನಿಂದ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ನ್ಯಾಷನಲ್ ಕಾಲೇಜ್ ಸ್ಟೇಷನ್, ಅಲ್ಲಿಂದ ಆಟೋ. ಮೆಜೆಸ್ಟಿಕ್‌ನಲ್ಲಿ ಮೆಟ್ಟಿಲು ಬೇಡ, ಲಿಫ್ಟ್ ಹುಡುಕಿ. ಕಾರಲ್ಲಿ ಹೋದ್ರೆ ಸಿಲ್ಕ್ ಬೋರ್ಡ್ ಹತ್ತಿರವೇ ಅವರ ಹಸಿವೂ ಉತ್ಸಾಹವೂ ಇಂಗಿಹೋಗುತ್ತೆ. ಅವರಿಗೆ ಇದೇ ಮೊದಲ ಮೆಟ್ರೋ ಆಗಿದ್ರೆ ಅದೂ ಊರಲ್ಲಿ ಹೇಳ್ಕೊಳ್ಳೋ ವಿಷಯವೇ.

ಎಂಟಿಆರ್ ಶುರುವಾಗಿದ್ದು 1924ರಲ್ಲಿ. ಉಡುಪಿ ಕಡೆಯ ಪಾರಂಪಳ್ಳಿಯ ಯಜ್ಞನಾರಾಯಣ ಮಯ್ಯರು ಮತ್ತು ಅವರ ಅಣ್ಣತಮ್ಮಂದಿರು ಶುರು ಮಾಡಿದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂತು. ಇಡ್ಲಿಗೆ ಅಕ್ಕಿ ಇಲ್ಲ ಅಂತ ರವೆಯಲ್ಲಿ ಮಾಡಿ ನೋಡಿದ್ರು, ಅದೇ ಇವತ್ತಿನ ರವೆ ಇಡ್ಲಿ ಅಂತ ಎಂಟಿಆರ್‌ನವರು ಹೇಳ್ತಾರೆ. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಯ ದರವನ್ನು ತೀರಾ ಇಳಿಸಿದಾಗ ಅಷ್ಟಕ್ಕೆ ಮಾರೋಕೆ ಆಗದೆ ಹೋಟೆಲ್ ಮುಚ್ಚಬೇಕಾಯ್ತು. ಕೆಲಸದವರನ್ನು ಉಳಿಸಿಕೊಳ್ಳೋಕೆ ಅಂತ ಇಡ್ಲಿ ಹಿಟ್ಟು, ದೋಸೆ ಹಿಟ್ಟಿನ ಪ್ಯಾಕೆಟ್ ಮಾಡಿ ಮಾರಿದ್ರು. ನಿಮ್ಮ ಅತ್ತೆ ಹಾವೇರಿಯ ಅಂಗಡಿಯಲ್ಲಿ ನೋಡಿರೋ ಎಂಟಿಆರ್ ಪ್ಯಾಕೆಟ್ ಹುಟ್ಟಿದ್ದು ಇದೇ ಹೋಟೆಲಿನವರ ಕಷ್ಟದಲ್ಲಿ. ಕಾಯ್ತಾ ಕೂತಾಗ ಇದನ್ನು ಹೇಳಿ. ಪ್ಯಾಕೆಟ್ ಹೆಸರು ಗೊತ್ತಿರೋರಿಗೆ ಅದು ಹುಟ್ಟಿದ ಮನೆಯಲ್ಲಿ ಕೂತಿದ್ದೀವಿ ಅಂತ ಗೊತ್ತಾದಾಗ ಮುಖ ಅರಳುತ್ತೆ, ನಾನು ಎಷ್ಟೋ ಸಲ ನೋಡಿದ್ದೀನಿ.

ಹೋದ ತಕ್ಷಣ ಹೆಸರು ಬರೆಸಿ. ಮಾವನಿಗೆ ಕೆಳಗಡೆಯೇ ಸೀಟು ಬೇಕು, ಮಂಡಿನೋವು ಅಂತ ಬಾಯಿಬಿಟ್ಟು ಹೇಳಿ. ಕೇಳಿದ್ರೆ ಹಿರಿಯರಿಗೆ ಯಾರೂ ಇಲ್ಲ ಅನ್ನಲ್ಲ. ಊಟ ನಿಧಾನಕ್ಕೆ ಬರುತ್ತೆ, ಒಂದಾದ ಮೇಲೊಂದು. ಕೋಸಂಬರಿ, ಪಲ್ಯ, ಸಿಹಿ, ಬಿಸಿಬೇಳೆಬಾತ್, ಅನ್ನ-ಸಾರು, ಮೊಸರು, ಕೊನೆಗೆ ಹಣ್ಣಿನ ಜೊತೆ ಐಸ್‌ಕ್ರೀಮು. ಶುರುವಿನಲ್ಲೇ ಎರಡೆರಡು ಸಲ ಹಾಕಿಸಿಕೊಂಡ್ರೆ ಬಿಸಿಬೇಳೆಬಾತಿಗೆ ಜಾಗ ಇರಲ್ಲ, ಮೊದಲೇ ಎಚ್ಚರಿಸಿ. ಅದು ಬಂದಾಗ ಮಾವನಿಗೆ ಒಂದು ಮಾತು ಹೇಳಿ. ನಮ್ಮ ಕಡೆ ಬಿಸಿಬೇಳೆಬಾತಿನ ಪುಡಿಗೆ ಬಣ್ಣ ಬರೋದು ಬ್ಯಾಡಗಿ ಮೆಣಸಿನಕಾಯಿಯಿಂದ. ಅಂದ್ರೆ ಅವರದೇ ಜಿಲ್ಲೆಯದ್ದು. ಹಾವೇರಿಯವರಿಗೆ ಈ ಮಾತು ಹೇಳಿದಾಗಲೆಲ್ಲ ಅವರು ಇನ್ನೊಂದು ತುತ್ತು ಕೇಳಿ ಹಾಕಿಸಿಕೊಂಡಿದ್ದಾರೆ.

ಊಟ ಆದ ಮೇಲೆ ಮನೆಗೆ ಓಡಬೇಡಿ. ಲಾಲ್‌ಬಾಗ್ ಗೇಟು ಪಕ್ಕದಲ್ಲೇ ಇದೆ. ಮರದ ನೆರಳಲ್ಲಿ ಬೆಂಚ್ ಮೇಲೆ ಕೂರಿಸಿ. ಒಳಗಿರೋ ಬಂಡೆಗೆ ಸುಮಾರು 300 ಕೋಟಿ ವರ್ಷ. ಮಾವ ಹತ್ತೋದು ಬೇಡ, ದೂರದಿಂದ ನೋಡಿದ್ರೆ ಸಾಕು. ಭಾಮೈದ ಹತ್ತಲಿ, ಮೇಲೆ ಕೆಂಪೇಗೌಡರ ಗೋಪುರ ಇದೆ.

ಶನಿವಾರ ಬಸವನಗುಡಿ. ಇಲ್ಲಿ ರಜೆ ದಿನದ ಲೆಕ್ಕ ಮುಖ್ಯ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ ರಜೆ. ಎರಡೂ ತೆರೆದಿರೋದು ನಿಮ್ಮ ಮೂರು ದಿನದಲ್ಲಿ ಶನಿವಾರ ಒಂದೇ. ಬ್ರಾಹ್ಮಿನ್ಸ್‌ನಲ್ಲಿ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್ ಅಂತ ನಾಲ್ಕೇ ನಾಲ್ಕು ತಿಂಡಿ. ಸಾಂಬಾರೇ ಇಲ್ಲ, ಬರೀ ಚಟ್ನಿ. 1965ರಿಂದ ಆ ಚಟ್ನಿಗೋಸ್ಕರವೇ ಜನ ಬರ್ತಾರೆ. ನನಗೆ ಈ ಊರಲ್ಲಿ ಅತಿ ಇಷ್ಟದ ತಿಂಡಿ ಅದು. ಆದರೆ ನಿಂತೇ ತಿನ್ನಬೇಕು, ರಸ್ತೆ ಬದಿಯ ಕಟ್ಟೆ ಸಿಕ್ಕಿದ್ರೆ ಅದೃಷ್ಟ. ಮಾವನಿಗೆ ಅಲ್ಲಿ ಕಷ್ಟ ಆಗುತ್ತೆ. ಹಾಗಾಗಿ ಕುರ್ಚಿ-ಟೇಬಲ್ ಇರೋ ವಿದ್ಯಾರ್ಥಿ ಭವನವೇ ನಿಮಗೆ ಸರಿ.

ಆರಕ್ಕೆ ಮನೆ ಬಿಡಿ. ಆ ಹೊತ್ತಿಗೆ ರಸ್ತೆ ಖಾಲಿ ಇರುತ್ತೆ, ಕಾರಲ್ಲೇ ಹೋಗಬಹುದು. ಏಳರ ಒಳಗೆ ಹೋದ್ರೆ ಕಾಯೋದು ಕಡಿಮೆ, ಒಂಬತ್ತಕ್ಕೆ ಹೋದ್ರೆ ಬಾಗಿಲ ಮುಂದೆ ಜಾತ್ರೆ. ಒಳಗೆ ಕನ್ನಡ ಸಾಹಿತಿಗಳ ಚಿತ್ರ ಗೋಡೆ ತುಂಬ ಇವೆ. ಮಾವನನ್ನು ಅಡುಗೆಮನೆ ಬಾಗಿಲ ಕಡೆ ಮುಖ ಮಾಡಿ ಕೂರಿಸಿ. ಯಾಕೆ ಅಂದ್ರೆ ನೋಡೋದು ಇರೋದೇ ಅಲ್ಲಿ. ಪಂಚೆ ಉಟ್ಟ ಸಪ್ಲೈಯರ್ ಒಂದೇ ಕೈ ಮೇಲೆ, ಅಂಗೈಯಿಂದ ಭುಜದ ತನಕ, ಹತ್ತು-ಹನ್ನೆರಡು ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಏರಿಸಿಕೊಂಡು, ಜನರ ಮಧ್ಯೆ ಓರೆಯಾಗಿ ನುಸುಳಿಕೊಂಡು ಬಂದು, ಇನ್ನೊಂದು ಕೈಯಿಂದ ಒಂದೊಂದೇ ತಟ್ಟೆಯನ್ನು ಮೇಲಿಂದ ಎತ್ತಿ ಟೇಬಲ್ ಮೇಲೆ ಇಡ್ತಾರೆ. ಕೆಳಗಿನ ತಟ್ಟೆ ಅಲುಗಾಡಲ್ಲ. ಅವರ ಹಿಂದೆಯೇ ಚಟ್ನಿ ಬರುತ್ತೆ, ನೀರು ನೀರಾಗಿ, ದೋಸೆ ಮೇಲೇ ಸುರೀತಾರೆ. ಆ ದೋಸೆ ದಪ್ಪ, ಚಿಕ್ಕದು, ಹೊರಗೆ ಕಂದು ಬಣ್ಣದ ಗರಿ, ಒಳಗೆ ಮೆತ್ತಗೆ. ಮುರಿದಾಗ ಸದ್ದು ಬರಬೇಕು. ಫೋಟೋ ತೆಗೀತಾ ಕೂತ್ರೆ ಗರಿ ಹೋಗುತ್ತೆ. ಮೊದಲು ತಿನ್ನಲಿ, ಎರಡನೇ ದೋಸೆ ಬಂದಾಗ ಫೋಟೋ ತೆಗೀಲಿ. ಹೆಸರೇ ಹೇಳೋ ಹಾಗೆ, 1943ರಲ್ಲಿ ಸುತ್ತಮುತ್ತಲ ಶಾಲೆ-ಕಾಲೇಜಿನ ಹುಡುಗರಿಗೆ ಅಂತ ಶುರುವಾದ ಜಾಗ ಅದು.

ತಿಂದ ಮೇಲೆ ಗಾಂಧಿ ಬಜಾರಿನಲ್ಲಿ ಅತ್ತೆಗೆ ಮಲ್ಲಿಗೆ ಕೊಡಿಸಿ. ದೊಡ್ಡ ಗಣಪತಿ, ದೊಡ್ಡ ಬಸವಣ್ಣ ಒಂದೇ ಕಡೆ ಇವೆ. ಹಾವೇರಿ ಕಡೆಯವರಿಗೆ ಬಸವಣ್ಣನ ದರ್ಶನ ಅಂದ್ರೆ ಅದೇ ಒಂದು ತೃಪ್ತಿ. ಕಾರ್ತಿಕ ಮಾಸದ ಕೊನೆಯ ಸೋಮವಾರದ ಹೊತ್ತಿಗೆ ಬರೋರಾಗಿದ್ರೆ ಕಡಲೆಕಾಯಿ ಪರಿಷೆಯೂ ಸಿಗುತ್ತೆ. ಆಮೇಲೆ ಅತ್ತೆ, ಮಾವ, ನಿಮ್ಮ ಹೆಂಡತಿ ಕಾರಲ್ಲಿ ಮನೆಗೆ ಹೋಗಲಿ. ನೀವೂ ಭಾಮೈದನೂ ಇಲ್ಲೇ ಉಳೀರಿ.

ಅವನಿಗೆ ಮಿಲಿಟರಿ ಹೋಟೆಲ್ ತೋರಿಸಬೇಕು. ಹೋಟೆಲ್ ಅಂದ್ರೆ ಬ್ರಾಹ್ಮಣರ ಸಸ್ಯಾಹಾರಿ ಹೋಟೆಲ್ ಅಂತಲೇ ಇದ್ದ ಕಾಲದಲ್ಲಿ, ಹಳೇ ಮೈಸೂರು ಕಡೆ ಮಾಂಸದೂಟ ಸಿಗೋ ಜಾಗಕ್ಕೆ ಈ ಹೆಸರು ಬಂತು. ಜಯನಗರದ ಶಿವಾಜಿ ಮಿಲಿಟರಿ ಹೋಟೆಲ್ ಹತ್ತಿರದಲ್ಲೇ ಇದೆ. ಭಾನುವಾರ ಅಲ್ಲಿ ಕಾಲಿಡೋಕೆ ಆಗಲ್ಲ. ಶನಿವಾರ ಮಾಂಸ ಬಿಡೋರು ಬಹಳ ಜನ ಇರೋದ್ರಿಂದ ಸ್ವಲ್ಪ ಆರಾಮ. ಭಾಮೈದನೂ ಶನಿವಾರ ಮಾಡೋನಾ ಅಂತ ಮೊದಲೇ ಕೇಳ್ಕೊಳ್ಳಿ. ಮಧ್ಯಾಹ್ನ ಹನ್ನೆರಡೂವರೆ ಒಳಗೆ ಹೋಗಿ, ಆಮೇಲೆ ಹೋದ್ರೆ ಬೇಕಾದ್ದು ಮುಗಿದಿರುತ್ತೆ. ದೊನ್ನೆ ಬಿರಿಯಾನಿ ಹೇಳಿ. ಅವನು ತಿಂದಿರೋ ಹೈದರಾಬಾದಿ ಬಿರಿಯಾನಿ ಥರ ಉದ್ದ ಅಕ್ಕಿ ಅಲ್ಲ, ಸಣ್ಣ ಅಕ್ಕಿ. ಪುದೀನ-ಕೊತ್ತಂಬರಿಯಿಂದ ಹಸಿರು ಬಣ್ಣ. ದೊನ್ನೆಯ ಘಮ ಅನ್ನಕ್ಕೆ ಹತ್ತಿರುತ್ತೆ. ಜೊತೆಗೆ ಒಂದು ರಾಗಿ ಮುದ್ದೆ ಹಾಕಿಸಿ. ಮುದ್ದೆ ಅಗಿಯಬಾರದು, ಸಾರಲ್ಲಿ ಅದ್ದಿ ನುಂಗಬೇಕು ಅಂತ ರೊಟ್ಟಿ ಊರಿನ ಹುಡುಗನಿಗೆ ನೀವೇ ಕಲಿಸಿಕೊಡಿ. ಭಾವ ಕಲಿಸಿದ್ದು ಅಂತ ಅವನು ಮರೆಯಲ್ಲ.

ಶನಿವಾರ ಸಂಜೆ ಎಲ್ಲರೂ ಹುರುಪಿನಲ್ಲಿದ್ರೆ ಮಾತ್ರ ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸ್. ವೈಟ್‌ಫೀಲ್ಡ್‌ನಿಂದ ಎಂ.ಜಿ. ರೋಡಿಗೆ ಮೆಟ್ರೋ ನೇರ, ಎಲ್ಲೂ ಬದಲಾಯಿಸೋದು ಬೇಡ. ಅಲ್ಲಿ ಕೆಲಸ ಮಾಡೋರೇ ಮಾಲೀಕರು. ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚೋಕೆ ಹೊರಟಾಗ ಕೆಲಸಗಾರರು ಸೇರಿ 1957ರಲ್ಲಿ ಬೆಂಗಳೂರಿನಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಹಳೇ ಜಾಗ ಎಂ.ಜಿ. ರೋಡಲ್ಲಿತ್ತು, 2009ರಲ್ಲಿ ಇಲ್ಲಿಗೆ ಬಂತು. ಬಿಳಿ ಬಟ್ಟೆ, ತಲೆಗೆ ಪೇಟ ಕಟ್ಟಿದ ಸಪ್ಲೈಯರ್‌ಗಳು ಈಗಲೂ ಇದ್ದಾರೆ. ನಿಮ್ಮ ಮಾವ ಬಹುಶಃ ಚಹಾದವರು. ಒಂದು ಕಾಫಿ ಕುಡಿದು ನೋಡಿ ಅಂತ ಕೂರಿಸೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ, ಯಾರೂ ಎದ್ದೇಳಿ ಅಂತ ಅವಸರ ಮಾಡಲ್ಲ.

ಭಾಮೈದ ರೀಲ್ಸ್ ನೋಡಿ ರಾಮೇಶ್ವರಂ ಕೆಫೆ ಅಂತ ಕೇಳಿಯೇ ಕೇಳ್ತಾನೆ. 2021ರಲ್ಲಿ ಶುರುವಾಗಿ ಇಷ್ಟು ಬೇಗ ಊರೂರಿಗೆ ಹೆಸರಾದ ಹೋಟೆಲ್ ಇನ್ನೊಂದಿಲ್ಲ. ಕರ್ಕೊಂಡು ಹೋಗಿ, ತಪ್ಪೇನಿಲ್ಲ, ಆದರೆ ಮಧ್ಯಾಹ್ನ ಮೂರರ ಹೊತ್ತಿಗೆ, ಅವನೊಬ್ಬನನ್ನೇ. ಮೀನು ಆಸೆ ಇದ್ದು ಖರ್ಚಿಗೆ ನೀವು ತಯಾರಿದ್ರೆ, ರೆಸಿಡೆನ್ಸಿ ರಸ್ತೆಯ ತಾಜ್ ಗುಂಪಿನ ಹೋಟೆಲ್ ಒಳಗಿರೋ ಕರಾವಳಿ ಇದೆ. 1990ರಿಂದ ಮಂಗಳೂರು, ಕೊಡಗು, ಗೋವಾ, ಕೇರಳದ ಮನೆ ಅಡುಗೆಯನ್ನು ತುಂಬಾ ಶ್ರದ್ಧೆಯಿಂದ ಮಾಡ್ತಿದ್ದಾರೆ. ದುಡ್ಡು ಜಾಸ್ತಿ ಆದರೂ ನಾನು ಧೈರ್ಯವಾಗಿ ಹೇಳೋ ದೊಡ್ಡ ಹೋಟೆಲ್ ಅದೊಂದೇ. ಅತ್ತೆ-ಮಾವನಿಗೆ ಈ ಸಲ ಬೇಡ.

ಎಲ್ಲ ಕಡೆಗೂ ಹೊಂದೋ ಒಂದೆರಡು ಮಾತು. ನಮ್ಮ ಸಾಂಬಾರಿಗೆ ಬೆಲ್ಲ ಹಾಕ್ತಾರೆ, ನಿಮ್ಮ ಕಡೆಯವರಿಗೆ ಅದು ಮೊದಲ ತುತ್ತಿಗೇ ಸಿಹಿ ಅನ್ಸುತ್ತೆ. ಮೊದಲೇ ಹೇಳಿಬಿಟ್ರೆ ಬೇಜಾರಾಗಲ್ಲ. ಬಿಲ್ಲನ್ನು ಹಿರಿಯರ ಮುಂದೆ ತರಿಸಬೇಡಿ. ಕೈ ತೊಳೆಯೋಕೆ ಎದ್ದ ನೆಪದಲ್ಲಿ ಗಲ್ಲಾಕ್ಕೆ ಹೋಗಿ ಕೊಟ್ಟು ಬನ್ನಿ. ರೇಟು ಕಣ್ಣಿಗೆ ಬಿದ್ರೆ ಅತ್ತೆ ಮುಂದಿನ ಎರಡು ದಿನ ‘ನಂಗ ಹಸಿವಿಲ್ಲ’ ಅಂತಲೇ ಹೇಳ್ತಾರೆ. ಮತ್ತೆ, ಹೊರಡೋ ಮುಂಚೆ ಹೋಟೆಲ್‌ಗೆ ಒಂದು ಫೋನ್ ಮಾಡಿ. ನಕ್ಷೆಯಲ್ಲಿ ತೆರೆದಿದೆ ಅಂತ ತೋರಿಸಿದ್ದನ್ನು ನಂಬಿ ಹೋದವರು ಬಾಗಿಲಿಗೆ ಬೀಗ ನೋಡಿಕೊಂಡು ಬಂದಿದ್ದಾರೆ. ಹಳೇ ಹೋಟೆಲುಗಳಲ್ಲಿ ಹಲವು ಮಧ್ಯಾಹ್ನ ಸ್ವಲ್ಪ ಹೊತ್ತು ಮುಚ್ಚಿರುತ್ತವೆ.

ಭಾನುವಾರ ಬೆಳಿಗ್ಗೆ ಎಲ್ಲೂ ಬೇಡ. ಲಗೇಜ್ ಕಟ್ಟಲಿ, ಅತ್ತೆಯ ಕೈಯಡುಗೆ ನೀವೂ ಒಂದು ಹೊತ್ತು ಉಣ್ಣಿ. ರೈಲು ಯಶವಂತಪುರದಿಂದ, ಅಂದ್ರೆ ಮಲ್ಲೇಶ್ವರ ಅಲ್ಲಿಗೆ ಹತ್ತಿರ. ನಾಲ್ಕಕ್ಕೇ ಲಗೇಜ್ ಸಮೇತ ಹೊರಟುಬಿಡಿ. ಮಾರ್ಗೋಸಾ ರಸ್ತೆಯ ಸಿಟಿಆರ್ (ಸೆಂಟ್ರಲ್ ಟಿಫಿನ್ ರೂಮ್) ಹೋಟೆಲ್‌ನಲ್ಲಿ ಬೆಣ್ಣೆ ಮಸಾಲೆ ದೋಸೆ ತಿನ್ನಿಸಿ. ನಿನ್ನೆಯ ದೋಸೆಗೂ ಇದಕ್ಕೂ ಏನು ವ್ಯತ್ಯಾಸ ಅಂತ ಮಾವನನ್ನೇ ಕೇಳಿ. ಈ ಊರಲ್ಲಿ ಬಸವನಗುಡಿ ದೋಸೆ ಮೇಲಾ ಮಲ್ಲೇಶ್ವರದ ದೋಸೆ ಮೇಲಾ ಅನ್ನೋ ವಾದ ತಲೆಮಾರುಗಳಿಂದ ನಡೀತಿದೆ, ಅವರೂ ಒಂದು ಪಕ್ಷ ಹಿಡೀಲಿ. ಸೀಟು ಸಿಗೋದೇ ಕಷ್ಟ ಆದ್ರೆ ಅದೇ ರಸ್ತೆಯಲ್ಲಿ ಮುಂದೆ ವೀಣಾ ಸ್ಟೋರ್ಸ್ ಇದೆ. ಅಲ್ಲಿ ನಿಂತೇ ತಿನ್ನಬೇಕು, ಮಾವನಿಗೆ ಇಡ್ಲಿಯನ್ನು ಕಾರಿಗೇ ತಂದುಕೊಡಿ.

ಕೊನೆಗೆ ಒಂದು ಅಯ್ಯಂಗಾರ್ ಬೇಕರಿಗೆ ಹೋಗಿ. ಹಾಸನ ಕಡೆಯಿಂದ ಬಂದ ಅಯ್ಯಂಗಾರರು 1898ರಲ್ಲಿ ಚಿಕ್ಕಪೇಟೆಯಲ್ಲಿ ಮೊದಲ ಬೇಕರಿ ಹಾಕಿದ ಮೇಲೆ ಈ ಊರಿನ ಬೀದಿಬೀದಿಗೂ ಒಂದು ಬಂತು. ಖಾರಾ ಬನ್ನು, ಕಾಂಗ್ರೆಸ್ ಅಂತ ಕರೆಯೋ ಖಾರದ ಕಡಲೆಕಾಯಿ ಬೀಜ, ಬೆಣ್ಣೆ ಬಿಸ್ಕತ್ತು, ಸಿಹಿ ಕಾಯಿತುರಿ ತುಂಬಿದ ಒಂದು ದಿಲ್‌ಪಸಂದ್ ತಗೊಳ್ಳಿ. ಎರಡು ಕಟ್ಟು ಮಾಡಿಸಿ. ಒಂದು ಅವರಿಗೆ ರೈಲಲ್ಲಿ ತಿನ್ನೋಕೆ. ಇನ್ನೊಂದು ಊರಲ್ಲಿ ಪಕ್ಕದ ಮನೆಯವರಿಗೆ ಅಂತ ಹೇಳಿ ಅತ್ತೆ ಕೈಗೇ ಕೊಡಿ. ದಿಲ್‌ಪಸಂದ್ ಚೀಲದಲ್ಲಿ ಮೇಲಿರಲಿ, ಅದು ಬೇಗ ಪುಡಿಯಾಗುತ್ತೆ.